ಡಬ್ಬದ ಮೇಲಿನ ವಾಟ್ ಓದುವುದು ಹೇಗೆ?

ಹೋದ ತಿಂಗಳು ನನ್ನ ತಂಗಿಯ ಮಗ ಎರಡು ಫೋಟೊ ಕಳಿಸಿದ. ಒಂದರಲ್ಲಿ ಅಂಗಡಿಯಲ್ಲಿದ್ದ ಹೋಂ ಥಿಯೇಟರ್ ಸೆಟ್‌ನ ಡಬ್ಬ. ಅದರ ಮೇಲೆ ದಪ್ಪ ಅಂಕಿಯಲ್ಲಿ 1000 ವಾಟ್. ಇನ್ನೊಂದರಲ್ಲಿ ಯಮಹಾ ಆರ್‌ಎಕ್ಸ್-ವಿ385 ಅನ್ನುವ ರಿಸೀವರಿನ (ಟಿವಿಯ ಸದ್ದನ್ನು ತಗೊಂಡು ಎಲ್ಲಾ ಸ್ಪೀಕರಿಗೂ ಹಂಚುವ ಆಂಪ್ಲಿಫೈಯರ್ ಪೆಟ್ಟಿಗೆ) ವಿವರದ ಪುಟ. ಅಲ್ಲಿ ಬರೀ 70 ವಾಟ್. ಜೊತೆಗೆ ಒಂದು ಪ್ರಶ್ನೆ: "ಮಾವ, ಸಾವಿರ ವಾಟ್ ಕಮ್ಮಿ ದುಡ್ಡಿಗೆ ಸಿಗ್ತಿದೆ. ಎಪ್ಪತ್ತು ವಾಟಿಗೆ ಯಾಕೆ ಜಾಸ್ತಿ ಕೊಡ್ಬೇಕು?"

ಹಾಸನದಲ್ಲಿ ನಾನು 18 ವರ್ಷ ಆಂಪ್ಲಿಫೈಯರ್ ರಿಪೇರಿ ಮಾಡಿದ್ದೇನೆ. ಈಗ ಮನೆಗಳಿಗೆ ಹೋಗಿ ಹೋಂ ಥಿಯೇಟರ್ ಜೋಡಿಸಿಕೊಡುತ್ತೇನೆ. ಈ ಪ್ರಶ್ನೆ ಕೇಳದ ಗಿರಾಕಿ ಅಪರೂಪ. ತಂಗಿಯ ಮಗನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಇದು ಗೊತ್ತಿದ್ದರೆ ದುಡ್ಡು ಉಳಿಯುತ್ತದೆ, ಸ್ಪೀಕರೂ ಉಳಿಯುತ್ತದೆ.

ಮೊದಲು ಆ ಸಾವಿರದ ಕಥೆ. 90ರ ದಶಕದ ಟೇಪ್ ರೆಕಾರ್ಡರ್‌ಗಳ ಮೇಲೆ ಪಿಎಂಪಿಒ (ಪೀಕ್ ಮ್ಯೂಸಿಕ್ ಪವರ್ ಔಟ್‌ಪುಟ್) ಅಂತ ಒಂದು ಸ್ಟಿಕರ್ ಇರುತ್ತಿತ್ತು, ನೆನಪಿದೆಯಾ? 500 ವಾಟ್, 1000 ವಾಟ್, 2000 ವಾಟ್. ಅಂಥ ಎಷ್ಟೋ ಸೆಟ್‌ಗಳನ್ನು ನಾನು ಬಿಚ್ಚಿದ್ದೇನೆ. ಒಳಗೆ ನಿಂಬೆಹಣ್ಣಿನ ಗಾತ್ರದ ಟ್ರಾನ್ಸ್‌ಫಾರ್ಮರ್, ಬೆರಳಗಲದ ಒಂದು ಐಸಿ, ಅಷ್ಟೇ. 12 ವೋಲ್ಟ್, 2 ಆಂಪಿಯರ್ ಕೊಡುವ ಟ್ರಾನ್ಸ್‌ಫಾರ್ಮರ್ ಅಂದುಕೊಳ್ಳಿ. ಗುಣಿಸಿದರೆ 24 ವಾಟ್. ಒಳಗೆ ಬರುವುದೇ 24 ಆದರೆ ಸ್ಪೀಕರಿಗೆ ನಿರಂತರವಾಗಿ 1000 ಎಲ್ಲಿಂದ ಹೋಗಬೇಕು? ಪಿಎಂಪಿಒ ಅಳೆಯಲು ಎಲ್ಲರೂ ಒಪ್ಪಿದ ಒಂದು ವಿಧಾನವೇ ಇಲ್ಲ. ಕಣ್ಣು ಮಿಟುಕಿಸುವಷ್ಟೂ ನಿಲ್ಲದ ಒಂದು ಉಬ್ಬನ್ನು ಹಿಡಿದು, ಅದನ್ನು ಎಲ್ಲಾ ಸ್ಪೀಕರ್‌ಗಳಿಗೂ ಗುಣಿಸಿ ಬರೆದುಬಿಡುತ್ತಿದ್ದರು. ಪಿಎಂಪಿಒ ಅಂತ ಕಂಡರೆ ಆ ಅಂಕಿಯನ್ನು ಓದಬೇಡಿ.

ಇವತ್ತಿನ ಸೆಟ್‌ಗಳಲ್ಲಿ ಆ ಮಾತು ಕಡಿಮೆಯಾಗಿದೆ. ಅದರ ಜಾಗಕ್ಕೆ "ಒಟ್ಟು ಪವರ್" ಬಂದಿದೆ. ಐದು ಸ್ಪೀಕರ್ ಮತ್ತು ಒಂದು ಸಬ್‌ವೂಫರ್, ಒಂದೊಂದಕ್ಕೂ ಸುಮಾರು 167 ವಾಟ್, ಎಲ್ಲಾ ಕೂಡಿ 1000. ಆ 167 ಕೂಡ ಒಂದೊಂದೇ ಚಾನೆಲನ್ನು (ಒಂದು ಸ್ಪೀಕರಿಗೆ ಹೋಗುವ ದಾರಿ) ಬೇರೆ ಬೇರೆಯಾಗಿ, ಸದ್ದು ಒಡೆಯುವ ತನಕ ಎಳೆದು ಅಳೆದದ್ದಾಗಿರಬಹುದು. ಅದು ಹೇಗೆ ಅಂತ ತಿಳಿಯಲು ಇನ್ನೊಂದು ಫೋಟೊದ ಪುಟಕ್ಕೇ ಬರೋಣ. ಅಲ್ಲಿ ಎಲ್ಲವನ್ನೂ ಬಿಡಿಸಿ ಕೊಟ್ಟಿದ್ದಾರೆ.

ಆರ್‌ಎಕ್ಸ್-ವಿ385ರ ವಿವರದಲ್ಲಿ ಪವರ್ ಬಗ್ಗೆ ಮೂರು ಸಾಲು ಗಮನಿಸಿ. ಓಮ್ ಅಂದರೆ ಸ್ಪೀಕರ್ ಕರೆಂಟನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ, ಹರ್ಟ್ಸ್ ಅಂದರೆ ಸ್ವರದ ಎತ್ತರ (ಫ್ರೀಕ್ವೆನ್ಸಿ), ಡಿಸ್ಟಾರ್ಷನ್ ಅಂದರೆ ಸದ್ದು ಎಷ್ಟು ಕೆಟ್ಟಿದೆ ಅನ್ನುವುದು. ಮೊದಲನೆಯದು 70 ವಾಟ್: 6 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, 0.09 ಶೇಕಡ ಡಿಸ್ಟಾರ್ಷನ್, 2 ಚಾನೆಲ್ ಒಟ್ಟಿಗೆ. ಎರಡನೆಯದು 100 ವಾಟ್: 6 ಓಮ್, 1 ಕಿಲೋಹರ್ಟ್ಸ್, 0.9 ಶೇಕಡ, 1 ಚಾನೆಲ್. ಮೂರನೆಯದು 135 ವಾಟ್: 6 ಓಮ್, 1 ಕಿಲೋಹರ್ಟ್ಸ್, 10 ಶೇಕಡ, 1 ಚಾನೆಲ್.

ಅದೇ ಪೆಟ್ಟಿಗೆ, ಅದೇ ಟ್ರಾನ್ಸ್‌ಫಾರ್ಮರ್. ಆದರೂ 70, 100, 135. ಮೂರೂ ಸುಳ್ಳಲ್ಲ, ಅಳೆದ ರೀತಿ ಬೇರೆ. "ಇದು 135 ವಾಟ್ ರಿಸೀವರ್" ಅಂತ ಅಂಗಡಿಯವರು ಹೇಳಿದರೆ ಅದು ಮೂರನೇ ಸಾಲು. ಪಕ್ಕದ ಕಂಪನಿಯ 80 ವಾಟ್ ಮೊದಲನೇ ಸಾಲಿನದ್ದಾಗಿದ್ದರೆ, ಆ 80 ವಾಟ್‌ನದ್ದೇ ದೊಡ್ಡ ಆಂಪ್ (ಆಂಪ್ಲಿಫೈಯರ್). ಅದಕ್ಕೇ ಯಾವ ರಿಸೀವರ್ ನೋಡಿದರೂ ವಾಟ್ ಅಂಕಿಯ ಪಕ್ಕದಲ್ಲಿರುವ ನಾಲ್ಕು ವಿಷಯ ಹುಡುಕಿ. ಎಷ್ಟು ಓಮ್, ಯಾವ ಫ್ರೀಕ್ವೆನ್ಸಿ, ಎಷ್ಟು ಡಿಸ್ಟಾರ್ಷನ್, ಎಷ್ಟು ಚಾನೆಲ್. ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಆ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಬೇಡಿ.

ಡಿಸ್ಟಾರ್ಷನ್ ವಿಷಯ ಮೊದಲು ಹೇಳುತ್ತೇನೆ, ಯಾಕಂದ್ರೆ ಅಂಕಿ ಉಬ್ಬುವುದು ಜಾಸ್ತಿ ಅಲ್ಲೇ. ಆಂಪ್ ತನ್ನ ಶಕ್ತಿಯ ತುದಿ ಮುಟ್ಟಿದಾಗ ಅಲೆಯ ತಲೆ ಚಪ್ಪಟೆಯಾಗುತ್ತದೆ. ಇದನ್ನು ನಾವು ಕ್ಲಿಪ್ಪಿಂಗ್ ಅನ್ನುತ್ತೇವೆ. 10 ಶೇಕಡ ಅಂದರೆ ಆಗಲೇ ಚೆನ್ನಾಗಿ ಚಪ್ಪಟೆಯಾದ ಅಲೆ. ಹಾಡುವವರ ಗಂಟಲು ಕಟ್ಟಿದ ಹಾಗೆ ಕೇಳಿಸುತ್ತದೆ. ಆ ಮಟ್ಟದಲ್ಲಿ ಯಾರೂ ಸಿನಿಮಾ ನೋಡುವುದಿಲ್ಲ. ಅಲ್ಲಿ ಅಳೆದ ಅಂಕಿ ಡಬ್ಬಕ್ಕೆ ಸರಿ, ನಿಮ್ಮ ಹಾಲಿಗೆ ಅಲ್ಲ. 1 ಶೇಕಡಕ್ಕಿಂತ ಕಡಿಮೆ ಇರುವ ಸಾಲನ್ನೇ ಓದಿ.

1 ಕಿಲೋಹರ್ಟ್ಸ್ ಅನ್ನುವುದು ನಡುಮಟ್ಟದ ಒಂದೇ ಒಂದು ಸ್ವರ. ಆಂಪ್‌ಗೆ ಅದು ಸುಲಭ. 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್ ತನಕ ಅಂದರೆ ಕಿವಿಗೆ ಕೇಳುವ ಇಡೀ ಹರವು. ಆಳದ ಬೇಸ್‌ನಲ್ಲೂ ಅಷ್ಟೇ ಪವರ್ ಕೊಡಬೇಕು. ಹಾಗೆ ಅಳೆದದ್ದೇ ಗಟ್ಟಿ ಅಂಕಿ.

ಇನ್ನು ಚಾನೆಲ್. ಐದು ಚಾನೆಲ್ ರಿಸೀವರಿನಲ್ಲಿ ಆಂಪ್ ಐದಿದ್ದರೂ ಅವಕ್ಕೆ ಕರೆಂಟ್ ಹಂಚುವ ಪವರ್ ಸಪ್ಲೈ ಒಂದೇ. ಒಂದೇ ಬಾವಿಗೆ ಐದು ಮೋಟರ್ ಇಟ್ಟ ಹಾಗೆ. ಒಂದೊಂದೇ ಓಡಿಸಿದರೆ ನೀರು ರಭಸವಾಗಿ ಬರುತ್ತದೆ. ಐದೂ ಒಟ್ಟಿಗೆ ಓಡಿದರೆ ಒಂದೊಂದಕ್ಕೂ ಕಡಿಮೆ. 2 ಚಾನೆಲ್‌ಗೆ 70 ಅಂತ ಬರೆದ ರಿಸೀವರಿನಿಂದ ಐದಕ್ಕೂ ಒಟ್ಟಿಗೆ 70 ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ. ಹಾಗಂತ ಇದಕ್ಕೆ ಹೆದರುವುದೂ ಬೇಡ. ಸಿನಿಮಾದಲ್ಲಿ ಮಾತು ಹೆಚ್ಚಾಗಿ ನಡುವಿನ ಸ್ಪೀಕರಿನಿಂದ ಬರುತ್ತದೆ, ಹಿಂದಿನವು ಬಹಳ ಹೊತ್ತು ಸುಮ್ನೆ ಇರುತ್ತವೆ. ಐದೂ ಒಟ್ಟಿಗೆ ತುದಿ ಮುಟ್ಟುವ ಗಳಿಗೆ ತೀರಾ ಕಡಿಮೆ. ನನ್ನ ಮಟ್ಟಿಗೆ 2 ಚಾನೆಲ್ ಅಂಕಿ ಪ್ರಾಮಾಣಿಕ ಅಂಕಿಯೇ. 1 ಚಾನೆಲ್ ಅಂಕಿಯನ್ನು ಮಾತ್ರ ನಾನು ಪಕ್ಕಕ್ಕಿಡುತ್ತೇನೆ.

ಅಮೆರಿಕದಲ್ಲಿ ಈ ಗೊಂದಲ ಹಳೆಯದು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲೇ ಮನೆಯ ಆಂಪ್ಲಿಫೈಯರ್‌ಗಳ ವಾಟ್ ಹೇಗೆ ಹೇಳಬೇಕು ಅಂತ ನಿಯಮ ಮಾಡಿತು. 2024ರಲ್ಲಿ ಅದನ್ನು ತಿದ್ದಿ 8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, 1 ಶೇಕಡಕ್ಕಿಂತ ಕಡಿಮೆ ಡಿಸ್ಟಾರ್ಷನ್ ಅಂತ ಗಟ್ಟಿ ಮಾಡಿದರು. ನಮಗೆ ಇದರಿಂದ ಒಂದು ಉಪಯೋಗವಿದೆ. ಇಲ್ಲಿನ ಡಬ್ಬದ ಮೇಲೆ ದೊಡ್ಡ ಅಂಕಿ ಮಾತ್ರ ಇದ್ದರೆ, ಅದೇ ಮಾಡೆಲ್ಲಿನ ಅಮೆರಿಕದ ಪುಟ ಅಥವಾ ಮ್ಯಾನುಯಲ್ ತೆಗೆದು ನೋಡಿ. ಪೂರ್ತಿ ಸಾಲು ಅಲ್ಲಿ ಸಿಗುವ ಸಾಧ್ಯತೆ ಜಾಸ್ತಿ. ಮ್ಯಾನುಯಲ್‌ನ ಕೊನೆಯ ಪುಟಗಳಲ್ಲಿ ಹುಡುಕಿ.

ಓಮ್ ಬಗ್ಗೆ ಸ್ವಲ್ಪ ನಿಧಾನವಾಗಿ ಓದಿ. ಓಮ್ ಕಡಿಮೆಯಾದಷ್ಟೂ ಸ್ಪೀಕರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಆದ್ದರಿಂದ ವಾಟ್ ಅಂಕಿ ದೊಡ್ಡದಾಗುತ್ತದೆ. ಲೆಕ್ಕ ಇಷ್ಟೇ: ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ, ಓಮಿನಿಂದ ಭಾಗಿಸಿ. 6 ಓಮಿಗೆ 70 ವಾಟ್ ಅಂದರೆ ಸುಮಾರು 20.5 ವೋಲ್ಟ್. ಅಷ್ಟೇ ವೋಲ್ಟ್ 8 ಓಮ್ ಸ್ಪೀಕರಿಗೆ ಹೋದರೆ 52 ವಾಟ್ ಚಿಲ್ಲರೆ. ಅಂದರೆ 6 ಓಮಿನ 70ನ್ನೂ 8 ಓಮಿನ 70ನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಸ್ಪೀಕರಿನ ಹಿಂದೆ 8 ಓಮ್ ಅಂತ ಬರೆದಿದ್ದರೂ ಅದು ಎಲ್ಲಾ ಸ್ವರಕ್ಕೂ 8 ಓಮ್ ಆಗಿರುವುದಿಲ್ಲ. ಒಂದು ಕಡೆ 20 ದಾಟುತ್ತದೆ, ಇನ್ನೊಂದು ಕಡೆ 5ಕ್ಕೆ ಇಳಿಯುತ್ತದೆ. 4 ಓಮ್ ಅಂತ ಬರೆದಿದ್ದರೆ ಇನ್ನೂ ಕೆಳಗಿಳಿಯಬಹುದು. ಚಿಕ್ಕ ರಿಸೀವರಿಗೆ ಅಂಥ ಸ್ಪೀಕರ್ ಹಾಕಿ ಜೋರು ಮಾಡಿದರೆ ಅದು ಬಿಸಿಯಾಗಿ ತಾನೇ ಆಫ್ ಆಗುತ್ತದೆ. ಮ್ಯಾನುಯಲ್‌ನಲ್ಲಿ "ಕನಿಷ್ಠ 6 ಓಮ್" ಅಂತಿದ್ದರೆ ಅದನ್ನು ಪಾಲಿಸಿ. ಕೆಲವು ರಿಸೀವರ್‌ಗಳಲ್ಲಿ ಓಮ್ ಬದಲಿಸುವ ಸೆಟ್ಟಿಂಗ್ ಇರುತ್ತದೆ. ಅದನ್ನು ಕೆಳಗೆ ಹಾಕಿದರೆ ಪವರ್ ಹೆಚ್ಚುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಇಲ್ಲ. ಬಿಸಿಯಾಗದಿರಲಿ ಅಂತ ಆಂಪ್‌ಗೆ ಸಿಗುವ ಪವರನ್ನು ಅದು ತಗ್ಗಿಸುತ್ತದೆ.

ಇಷ್ಟಾದ ಮೇಲೆ ತಂಗಿಯ ಮಗ ಕೇಳಿದ ಎರಡನೇ ಪ್ರಶ್ನೆಯೇ ಮುಖ್ಯವಾದದ್ದು. "ಸರಿ ಮಾವ, ನಮ್ಮನೆ ಹಾಲಿಗೆ ಎಷ್ಟು ಸಾಕು?"

ಇದಕ್ಕೆ ಉತ್ತರ ರಿಸೀವರಿನಲ್ಲಿ ಇಲ್ಲ, ಸ್ಪೀಕರಿನಲ್ಲಿದೆ. ಸ್ಪೀಕರಿನ ವಿವರದಲ್ಲಿ ಸೆನ್ಸಿಟಿವಿಟಿ ಅನ್ನುವ ಒಂದು ಸಾಲಿರುತ್ತದೆ. 1 ವಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಸದ್ದು ಅನ್ನುವ ಲೆಕ್ಕ ಅದು. ಅವನು ನೋಡಿದ್ದ ಸ್ಪೀಕರಿನದ್ದು 87. ಹಾಲ್ 12 ಅಡಿಗೆ 15 ಅಡಿ. ಸೋಫಾ ಇರುವುದು ಟಿವಿಯಿಂದ ಸುಮಾರು 3 ಮೀಟರ್ ದೂರದಲ್ಲಿ. ಬಯಲಿನಲ್ಲಾದರೆ 3 ಮೀಟರಿಗೆ 9.5 ಡೆಸಿಬಲ್ ಕರಗಿಹೋಗುತ್ತದೆ. ಮನೆಯಲ್ಲಿ ಗೋಡೆ, ಸೂರು ಸ್ವಲ್ಪ ವಾಪಸ್ ಕೊಡುತ್ತವೆ. ನಾನು ಇಂಥ ಹಾಲಿಗೆ 6 ಕಳೆಯುತ್ತೇನೆ. ಉಳಿದದ್ದು 81. ಅಂದರೆ ಸೋಫಾದಲ್ಲಿ ಕೂತವರಿಗೆ 1 ವಾಟ್‌ನಲ್ಲೇ 81 ಡೆಸಿಬಲ್.

ಈಗ ಒಂದೇ ಒಂದು ಸೂತ್ರ ನೆನಪಿಡಿ. ಪವರ್ ಎರಡರಷ್ಟಾದರೆ ಸದ್ದು 3 ಡೆಸಿಬಲ್ ಏರುತ್ತದೆ. ಕಾಗದ ತಗೊಂಡು ಬರೆಯಿರಿ. 1 ವಾಟಿಗೆ 81. 2 ವಾಟಿಗೆ 84. 4ಕ್ಕೆ 87. 8ಕ್ಕೆ 90. 16ಕ್ಕೆ 93. 32ಕ್ಕೆ 96. 64ಕ್ಕೆ 99. 128ಕ್ಕೆ 102. 256ಕ್ಕೆ 105.

ಈ ಸಾಲನ್ನು ಸ್ವಲ್ಪ ಹೊತ್ತು ನೋಡಿ. ಮನೆಯಲ್ಲಿ ಜೋರಾಗಿ ಸಿನಿಮಾ ನೋಡುವಾಗ ಮಾತಿನ ಮಟ್ಟ ಸುಮಾರು 70ರಿಂದ 75 ಡೆಸಿಬಲ್. ಅದಕ್ಕೆ ಅರ್ಧ ವಾಟೂ ಬೇಡ! ಸ್ಫೋಟವೋ, ತಮಟೆಯ ಏಟೋ ಬಂದಾಗ ಅದು 20 ಡೆಸಿಬಲ್ ಮೇಲೆ ಹಾರುತ್ತದೆ, 95ರ ಹತ್ತಿರ. ಅದಕ್ಕೆ ಸುಮಾರು 25 ವಾಟ್. ಅದೂ ಕ್ಷಣಮಾತ್ರ. ಸಿನಿಮಾ ಥಿಯೇಟರಿನ ಅಳತೆಗೆ ಹೊಂದಿಸಿದರೆ ಮುಖ್ಯ ಸ್ಪೀಕರ್‌ಗಳ ತುದಿ ಸದ್ದು 105 ಡೆಸಿಬಲ್ ತನಕ ಹೋಗುತ್ತದೆ. ಆ ಮಟ್ಟ ಮನೆಯಲ್ಲಿ ಬೇಕು ಅಂದರೆ ಈ ಸ್ಪೀಕರಿಗೆ 256 ವಾಟ್. ಬೇಕಾ ಅಂತ ನೀವೇ ಯೋಚಿಸಿ. ಅಪಾರ್ಟ್‌ಮೆಂಟಿನಲ್ಲಿದ್ದರೆ ಖಂಡಿತ ಬೇಡ.

ಇನ್ನೊಂದು ವಿಷಯವೂ ಅದೇ ಸಾಲಿನಲ್ಲಿ ಕಾಣುತ್ತದೆ. 70 ವಾಟ್ ಬದಲು 100 ವಾಟ್ ರಿಸೀವರ್ ತಗೊಂಡರೆ ಸಿಗುವುದು ಬರೀ ಒಂದೂವರೆ ಡೆಸಿಬಲ್. ಪಕ್ಕಪಕ್ಕ ಇಟ್ಟು ಕೇಳಿದರೆ ಗೊತ್ತಾದರೂ ಆಗಬಹುದು, ಅಷ್ಟೇ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್, ಅಂದರೆ ಹತ್ತರಷ್ಟು ಪವರ್ ಬೇಕು. ಆದರೆ 87ರ ಬದಲು 90 ಸೆನ್ಸಿಟಿವಿಟಿಯ ಸ್ಪೀಕರ್ ಹಾಕಿ ನೋಡಿ. ಇಡೀ ಸಾಲು 3 ಡೆಸಿಬಲ್ ಮೇಲೆ ಸರಿಯುತ್ತದೆ. ಆಂಪ್‌ನ ಪವರ್ ಎರಡರಷ್ಟು ಮಾಡಿದಷ್ಟೇ ಲಾಭ. 84ರ ಸ್ಪೀಕರ್ ಹಾಕಿದರೆ ಅಷ್ಟೇ ನಷ್ಟ. ಹಾಗಾಗಿ ನಾನು ಎಲ್ಲರಿಗೂ ಹೇಳುವುದು: ಮೊದಲು ಸ್ಪೀಕರ್ ಆರಿಸಿ, ಆಮೇಲೆ ರಿಸೀವರ್. ದುಡ್ಡು ಮಿಕ್ಕಿದರೆ ಅದೂ ಸ್ಪೀಕರಿಗೇ ಹೋಗಲಿ.

ಸೆನ್ಸಿಟಿವಿಟಿ ಅಂಕಿಯನ್ನೂ ಕಣ್ಣು ಮುಚ್ಚಿ ನಂಬಬೇಡಿ. ಬಹಳ ಕಡೆ 1 ವಾಟ್ ಬದಲು 2.83 ವೋಲ್ಟ್ ಅಂತ ಬರೆದಿರುತ್ತಾರೆ. 8 ಓಮಿಗೆ ಎರಡೂ ಒಂದೇ. 4 ಓಮ್ ಸ್ಪೀಕರಿಗೆ 2.83 ವೋಲ್ಟ್ ಅಂದರೆ 2 ವಾಟ್. ಆಗ ಬರೆದ ಅಂಕಿಯಿಂದ 3 ಕಳೆದು ಲೆಕ್ಕ ಹಾಕಿ.

ಸಬ್‌ವೂಫರ್ ಇದ್ದರೆ ರಿಸೀವರಿನ ಭಾರ ಇನ್ನೂ ಇಳಿಯುತ್ತದೆ. ತನ್ನದೇ ಆಂಪ್ ಇರುವ ಸಬ್ ಆಗಿರಬೇಕು. ಮೆನುವಿನಲ್ಲಿ ಸ್ಪೀಕರ್‌ಗಳನ್ನು "ಸ್ಮಾಲ್" ಅಂತ ಹಾಕಿ, ಕ್ರಾಸೋವರ್ (ಯಾವ ಸ್ವರದಿಂದ ಕೆಳಗಿನದ್ದು ಸಬ್‌ಗೆ ಹೋಗಬೇಕು ಅನ್ನುವ ಗಡಿ) 80 ಹರ್ಟ್ಸ್ ಇಡಿ. ಕರೆಂಟ್ ಎಳೆಯುವ ಆಳದ ಬೇಸ್ ಎಲ್ಲಾ ಸಬ್‌ಗೆ ಹೋಗುತ್ತದೆ. "ನನ್ನ ಸ್ಪೀಕರ್ ದೊಡ್ಡದು, ಸ್ಮಾಲ್ ಯಾಕೆ ಹಾಕ್ಲಿ?" ಅಂತ ಒಬ್ಬರು ಬೇಜಾರು ಮಾಡಿಕೊಂಡರು. ಆ ಮಾತಿಗೂ ಸ್ಪೀಕರಿನ ಗಾತ್ರಕ್ಕೂ ಸಂಬಂಧವಿಲ್ಲ. ಬೇಸ್ ಯಾರು ಹೊರಬೇಕು ಅನ್ನುವುದಷ್ಟೇ ಅದರ ಅರ್ಥ.

ರಿಸೀವರಿನ ಹಿಂದೆ ವಿದ್ಯುತ್ ಬಳಕೆ ಅಂತ ಒಂದು ಅಂಕಿ ಇರುತ್ತದೆ. ಅದನ್ನು ಚಾನೆಲ್‌ಗಳಿಂದ ಭಾಗಿಸಿ "ನೋಡಿ, ನಿಜವಾದ ಪವರ್ ಇಷ್ಟೇ" ಅನ್ನುವವರು ಇದ್ದಾರೆ. ಅದು ಸರಿಯಲ್ಲ. ಸುರಕ್ಷತೆಯ ಮಾನದಂಡದ ಪ್ರಕಾರ ಆ ಅಂಕಿಯನ್ನು ಪೂರ್ತಿ ಪವರ್‌ನಲ್ಲಿ ಅಳೆಯುವುದಿಲ್ಲ, ಎಂಟರಲ್ಲಿ ಒಂದು ಭಾಗದಲ್ಲಿ ಅಳೆಯುತ್ತಾರೆ. ನಾನು ಮಾಡುವುದು ಬೇರೆ. ಎರಡು ರಿಸೀವರ್ ಸಾಲಿನಲ್ಲಿದ್ದರೆ ಎತ್ತಿ ನೋಡುತ್ತೇನೆ. ಹಳೇ ಬಗೆಯ ಕ್ಲಾಸ್ ಎಬಿ ಆಂಪ್ ಆದರೆ ತೂಕದ ಬಹುಪಾಲು ಟ್ರಾನ್ಸ್‌ಫಾರ್ಮರ್ ಮತ್ತು ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು). ಅವೆರಡೂ ದೊಡ್ಡದಿದ್ದರೆ ಬರೆದ ವಾಟಿಗೆ ಆಧಾರವಿದೆ ಅಂತರ್ಥ. ಹೊಸ ಬಗೆಯ ಕ್ಲಾಸ್ ಡಿ ಆಂಪ್ ಆದರೆ ಈ ಪರೀಕ್ಷೆ ನಡೆಯುವುದಿಲ್ಲ. ಅವು ಹಗುರವಾಗಿದ್ದೂ ಗಟ್ಟಿಯಾಗಿರುತ್ತವೆ.

ಇನ್ನು ಎಲ್ಲರೂ ಉಲ್ಟಾ ತಿಳಿದಿರುವ ವಿಷಯ. ಸ್ಪೀಕರ್ ಸುಡುವುದು ದೊಡ್ಡ ಆಂಪ್‌ನಿಂದ ಮಾತ್ರ ಅಲ್ಲ, ಚಿಕ್ಕ ಆಂಪ್‌ನಿಂದಲೂ ಸುಡುತ್ತದೆ. ಕೆಲವು ವರ್ಷದ ಹಿಂದೆ ಒಬ್ಬರು 100 ವಾಟ್ ಅಂತ ಬರೆದ ಒಂದು ಜೊತೆ ಸ್ಪೀಕರ್ ತಂದರು. ಎರಡೂ ಟ್ವೀಟರ್ (ಮೇಲಿನ ಸ್ವರ ನುಡಿಸುವ ಒಳಗಿನ ಚಿಕ್ಕ ಸ್ಪೀಕರ್) ಸತ್ತಿದ್ದವು. ಬಿಚ್ಚಿದಾಗ ಕಾಯಿಲ್ ಸುಟ್ಟ ವಾಸನೆ. ಅವರ ಆಂಪ್ 30 ವಾಟಿನದ್ದು. ಮಗಳ ಹುಟ್ಟುಹಬ್ಬಕ್ಕೆ ಮೂರು ಗಂಟೆ ಫುಲ್ ವಾಲ್ಯೂಮ್ ಇಟ್ಟಿದ್ದರು. "30 ವಾಟ್ ಆಂಪ್‌ಗೆ 100 ವಾಟ್ ಸ್ಪೀಕರ್ ಹೆಂಗೆ ಸುಡುತ್ತೆ?" ಅಂತ ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಅಲೆ ಪೂರ್ತಿ ಚಪ್ಪಟೆಯಾದಾಗ 30 ವಾಟ್ ಆಂಪ್ ಸುಮಾರು 60 ವಾಟ್ ತನಕ ಉಗುಳುತ್ತದೆ. ಸಾಮಾನ್ಯ ಸಂಗೀತದಲ್ಲಿ ಟ್ವೀಟರ್ ಪಾಲಿಗೆ ಬರುವುದು ತೀರಾ ಸ್ವಲ್ಪ. ಕ್ಲಿಪ್ ಆದ ಸದ್ದಿನಲ್ಲಿ ಮೇಲಿನ ಸ್ವರಗಳು ಹೊಸದಾಗಿ ಹುಟ್ಟುತ್ತವೆ, ಅವು ನೇರ ಟ್ವೀಟರಿಗೆ ಹೋಗುತ್ತವೆ. ಕೂದಲೆಳೆಯಂಥ ಆ ಕಾಯಿಲ್ ಎಷ್ಟು ತಡೆದೀತು? ಅದಕ್ಕೇ ಸ್ಪೀಕರಿನ ಮೇಲೆ "20ರಿಂದ 100 ವಾಟ್ ಆಂಪ್ ಹಾಕಿ" ಅಂತಿದ್ದರೆ ಮೇಲಿನ ತುದಿಯ ಹತ್ತಿರದ ಆಂಪ್ ತಗೊಂಡು, ಸದ್ದು ಒರಟಾದ ಕೂಡಲೇ ವಾಲ್ಯೂಮ್ ಇಳಿಸುವುದು ಕ್ಷೇಮ. ಕಿವಿಯೇ ಇಲ್ಲಿ ಮೀಟರ್.

ಜಾಗದ ಬಗ್ಗೆ ಒಂದೇ ಮಾತು. ರಿಸೀವರನ್ನು ಟಿವಿ ಸ್ಟ್ಯಾಂಡಿನ ಮುಚ್ಚಿದ ಖಾನೆಯಲ್ಲಿ ಇಡಬೇಡಿ, ಮೇಲೆ ಸೆಟ್‌ಟಾಪ್ ಬಾಕ್ಸ್ ಹೇರಬೇಡಿ. ಗಾಳಿ ಆಡದಿದ್ದರೆ ಕಾಗದದ ಮೇಲೆ ಎಷ್ಟು ವಾಟ್ ಇದ್ದರೂ ಅದು ಬಿಸಿಯಾಗಿ ನಿಲ್ಲುತ್ತದೆ.

ತಂಗಿಯ ಮಗ ಕೊನೆಗೆ ಆ 70 ವಾಟ್ ರಿಸೀವರೇ ತಗೊಂಡ. ಭಾನುವಾರ ಹೋಗಿ ಜೋಡಿಸಿದೆ. ಜೊತೆಗೆ ಬಂದ ಮೈಕ್ ಸೋಫಾದಲ್ಲಿ ತಲೆ ಬರುವ ಎತ್ತರಕ್ಕೆ ಇಟ್ಟು, ರಿಸೀವರಿನಿಂದಲೇ ಸ್ಪೀಕರ್‌ಗಳ ಅಳತೆ ಮಾಡಿಸಿದೆವು. ಆಮೇಲೆ ಮೆನು ತೆಗೆದು ಸ್ಪೀಕರ್‌ಗಳು "ಲಾರ್ಜ್" ಆಗಿವೆಯಾ ಅಂತ ನೋಡಿದೆ. ಮುಂದಿನ ಎರಡು ಹಾಗೇ ಆಗಿದ್ದವು. ಸ್ಮಾಲ್ ಮಾಡಿ, 80 ಹರ್ಟ್ಸ್ ಇಟ್ಟೆ. ನೀವೂ ಈ ಒಂದನ್ನು ತಪ್ಪದೆ ನೋಡಿ.

ಸಿನಿಮಾ ಹಾಕಿದಾಗ ರಿಸೀವರಿನ ಡಿಸ್‌ಪ್ಲೇಯಲ್ಲಿ ವಾಲ್ಯೂಮ್ ಮೈನಸ್ 25 ಇತ್ತು. "ಮಾವ, ಇನ್ನೂ 25 ಬಾಕಿ ಇದೆಯಲ್ಲ, ಏರಿಸ್ಲಾ?" ಅಂದ. ಅದು ಡೆಸಿಬಲ್ ಲೆಕ್ಕ ಅಂತ ವಿವರಿಸಿದೆ. ಮೈನಸ್ 25ರಿಂದ ಮೈನಸ್ 15ಕ್ಕೆ ಏರಿಸಿದರೆ ಆಂಪ್ ಹತ್ತರಷ್ಟು ಪವರ್ ಕೊಡಬೇಕು. ಮೈನಸ್ 5ಕ್ಕೆ ಹೋದರೆ ನೂರರಷ್ಟು. ಈಗ ಏಟು ಬಿದ್ದಾಗ 2 ವಾಟ್ ಹೋಗುತ್ತಿದ್ದರೆ ಅಲ್ಲಿ 200 ಬೇಕು. ಈ ಆಂಪ್‌ನಲ್ಲಿ ಅಷ್ಟಿಲ್ಲ. ಡಿಸ್‌ಪ್ಲೇಯಲ್ಲಿ ಅಂಕಿ ಬಾಕಿ ಇದ್ದ ಮಾತ್ರಕ್ಕೆ ಪವರ್ ಬಾಕಿ ಇದೆ ಅಂತಲ್ಲ.

ಹೊರಡುವ ಮೊದಲು ಮೆನುವಿನಲ್ಲಿ ಗರಿಷ್ಠ ವಾಲ್ಯೂಮನ್ನು ಮೈನಸ್ 10ಕ್ಕೆ ಕಟ್ಟಿಹಾಕಿ ಬಂದೆ. ಮನೆಯಲ್ಲಿ ಐದು ವರ್ಷದ ಮಗಳಿದ್ದಾಳೆ, ರಿಮೋಟ್ ಅವಳ ಕೈಗೂ ಸಿಗುತ್ತದೆ.